ಕಡಲ ದಂಡೆಯಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಒಂದು ದಿನ: ಮೊದಲ ಸಲ ಹೊರಟವನಿಗೆ ಸಲಹೆ ಬೇಕು

ರೀಡಿಂಗ್‌ನ ಹೊಸಬ

ಎಲ್ಲರಿಗೂ ನಮಸ್ಕಾರ. ನಾನು ಹೊನ್ನಾವರದ ಕಡೆಯವನು. ಆರು ವರ್ಷಗಳಿಂದ ಇಂಗ್ಲೆಂಡಿನ ರೀಡಿಂಗ್‌ನಲ್ಲಿದ್ದೇನೆ. ಈಗ ಅಪ್ಪಯ್ಯ ಎರಡು ತಿಂಗಳ ಮಟ್ಟಿಗೆ ಬಂದಿದ್ದಾರೆ. ವಯಸ್ಸು ಎಪ್ಪತ್ತೈದು ದಾಟಿದ್ದರೂ ನಡಿಗೆಯಲ್ಲಿ ನನ್ನನ್ನು ಹಿಂದೆ ಹಾಕುತ್ತಾರೆ. ಆದರೆ ನಾನು ಕರೆದುಕೊಂಡು ಹೋದ ಅರಮನೆಗಳನ್ನೂ ವಸ್ತುಸಂಗ್ರಹಾಲಯಗಳನ್ನೂ ಅವರು ನನ್ನ ಮನಸ್ಸು ನೋಯಬಾರದೆಂದು ನೋಡಿದರೇ ಹೊರತು ಯಾವುದರಲ್ಲೂ ಅವರಿಗೆ ರುಚಿ ಹುಟ್ಟಿದಂತೆ ಕಾಣಲಿಲ್ಲ.

ಕಳೆದ ವಾರ ಸಹೋದ್ಯೋಗಿಯೊಬ್ಬರು ತಮ್ಮ ಹಳೆಯ ಗ್ಯಾರೆಟ್ ಏಸ್ 250 ಯಂತ್ರವನ್ನು ಕಡಿಮೆ ಬೆಲೆಗೆ ಕೊಟ್ಟರು. ಹಿತ್ತಿಲಿನಲ್ಲಿ ಪರೀಕ್ಷಿಸಲೆಂದು ಅದನ್ನು ಚಾಲೂ ಮಾಡಿದವನು ನಾನು. ಅನಂತರದ ಎರಡು ಗಂಟೆ ಅದು ಅಪ್ಪಯ್ಯನ ಕೈಯಿಂದ ಇಳಿಯಲಿಲ್ಲ. ಸಿಕ್ಕಿದ್ದು ನಾಲ್ಕು ಮೊಳೆ ಮತ್ತು ನಲ್ಲಿಯ ಒಂದು ಹಿತ್ತಾಳೆಯ ತುಂಡು. ಅಷ್ಟಕ್ಕೇ ಅವರು ಸಂಜೆ ಊರಿಗೆ ಫೋನ್ ಮಾಡಿ ಅಮ್ಮನಿಗೆ ವಿವರವಾಗಿ ವರದಿ ಒಪ್ಪಿಸಿದರು.

ಹಾಗಾಗಿ ಅಕ್ಟೋಬರಿನ ಒಂದು ಶನಿವಾರ ಅವರನ್ನು ಬೋರ್ನ್‌ಮತ್ ಕಡಲ ದಂಡೆಗೆ ಕರೆದುಕೊಂಡು ಹೋಗಿ ಇಡೀ ದಿನ ಈ ಯಂತ್ರದೊಂದಿಗೆ ಕಳೆಯಬೇಕೆಂದಿದ್ದೇನೆ. ಇಲ್ಲಿನ ದಂಡೆಯಲ್ಲಿ ಹುಡುಕಲು ಯಾರ ಅನುಮತಿ ಬೇಕು, ಸಿಕ್ಕಿದ್ದು ಯಾರಿಗೆ ಸೇರುತ್ತದೆ ಎಂಬುದು ನನ್ನ ಮೊದಲ ಪ್ರಶ್ನೆ. ಒದ್ದೆ ಮರಳಿನಲ್ಲಿ ಈ ಯಂತ್ರ ಸುಮ್ಮನೆ ಕಿರುಚುತ್ತದೆ ಎಂದು ಕೇಳಿದ್ದೇನೆ. ಅದಕ್ಕೆ ಉಪಾಯವೇನು ಎಂಬುದು ಎರಡನೆಯದು. ಮೂರನೆಯದು ಅಪ್ಪಯ್ಯನದು: ಹಿಂದಿರುಗುವಾಗ ಈ ಯಂತ್ರವನ್ನು ಹೊನ್ನಾವರಕ್ಕೆ ಒಯ್ದು ಅಲ್ಲಿನ ದಂಡೆಯಲ್ಲಿ ಬಳಸಬಹುದೇ? ತಿಳಿದವರು ದಯವಿಟ್ಟು ತಿಳಿಸಬೇಕು.

---

ಬೋಸ್ಕಂಬ್ ದಂಡೆಯವ

ನಮಸ್ಕಾರ. ಹನ್ನೊಂದು ವರ್ಷಗಳಿಂದ ನಾನು ಈ ದಂಡೆಯಲ್ಲೇ ಹುಡುಕುತ್ತಿರುವುದರಿಂದ ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ.

ಇಂಗ್ಲೆಂಡಿನಲ್ಲಿ ಒಡೆಯನಿಲ್ಲದ ನೆಲವೆಂಬುದು ಇಲ್ಲ. ಕಡಲ ದಂಡೆಯೂ ಅದಕ್ಕೆ ಹೊರತಲ್ಲ. ಉಬ್ಬರದ ಸರಾಸರಿ ಗೆರೆಗೂ ಇಳಿತದ ಸರಾಸರಿ ಗೆರೆಗೂ ನಡುವಿನ ಪಟ್ಟಿಯಲ್ಲಿ ಸುಮಾರು ಅರ್ಧದಷ್ಟು ಕ್ರೌನ್ ಎಸ್ಟೇಟ್ ಎಂಬ ಸಂಸ್ಥೆಯ ವಶದಲ್ಲಿದೆ. ಉಳಿದದ್ದು ಊರಿನ ಕೌನ್ಸಿಲ್, ರಕ್ಷಣಾ ಇಲಾಖೆ, ಪಾರಂಪರಿಕ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್, ಖಾಸಗಿ ಜಮೀನ್ದಾರರು ಹೀಗೆ ಹಂಚಿಹೋಗಿದೆ. ಕ್ರೌನ್ ಎಸ್ಟೇಟಿನ ನಿಯಮಗಳೂ ನಕ್ಷೆಯೂ ಅವರ ಜಾಲತಾಣದಲ್ಲಿವೆ. ಉಬ್ಬರದ ಗೆರೆಯಿಂದ ಮೇಲಿನ ಒಣ ಮರಳು ಸಾಮಾನ್ಯವಾಗಿ ಕೌನ್ಸಿಲಿನದು. ಅದಕ್ಕೆ ಅವರ ನಿಯಮ ಬೇರೆ ಇರುತ್ತದೆ. ಹೊರಡುವ ಹಿಂದಿನ ವಾರ ಕೌನ್ಸಿಲಿಗೆ ಒಂದು ಮಿಂಚಂಚೆ ಬರೆದು ಬಂದ ಉತ್ತರವನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಯಾರಾದರೂ ಕೇಳಿದರೆ ತೋರಿಸಲು ಅದಕ್ಕಿಂತ ಒಳ್ಳೆಯದು ಬೇರೊಂದಿಲ್ಲ.

ಒಂದು ಮಾತು ಒತ್ತಿ ಹೇಳಬೇಕು. ಪಕ್ಕದ ಪೂಲ್ ಬಂದರಿನ ಬಾಯಿಯಲ್ಲಿ ಸರಪಳಿ ದೋಣಿ ಹತ್ತಿ ಆಚೆ ದಡದ ಸ್ಟಡ್‌ಲ್ಯಾಂಡಿಗೆ ಹೋಗೋಣವೆಂಬ ಆಸೆ ಹುಟ್ಟಬಹುದು. ಆ ಮರಳು ಅಷ್ಟು ಚೆಂದವಾಗಿದೆ. ಯಂತ್ರವನ್ನು ಮಾತ್ರ ಅಲ್ಲಿಗೆ ಒಯ್ಯಬೇಡಿ. ಅದು ನ್ಯಾಷನಲ್ ಟ್ರಸ್ಟಿನ ನೆಲ. ತಮ್ಮ ನೆಲದಲ್ಲಿ ಹವ್ಯಾಸಕ್ಕಾಗಿ ಹುಡುಕುವುದನ್ನು ಅವರು ಒಪ್ಪುವುದಿಲ್ಲ. ಅದಕ್ಕಿಂತ ಮುಖ್ಯವಾದ ಕಾರಣ, 1944ರ ಏಪ್ರಿಲಿನಲ್ಲಿ ನಾರ್ಮಂಡಿ ದಾಳಿಯ ತಾಲೀಮು ನಡೆದದ್ದು ಅಲ್ಲಿಯೇ, ಅದೂ ನಿಜವಾದ ಮದ್ದುಗುಂಡುಗಳೊಂದಿಗೆ. ಸಿಡಿಯದೆ ಉಳಿದವು ಈಗಲೂ ಮರಳಿನಿಂದ ತಲೆ ಎತ್ತುತ್ತವೆ. ಈ ಕರಾವಳಿಯ ಯಾವುದೇ ದಂಡೆಯಲ್ಲಿ ತುಕ್ಕು ಹಿಡಿದ ಕೊಳವೆಯಂತಹದೋ ಮೊಟ್ಟೆಯಾಕಾರದ್ದೋ ಕಬ್ಬಿಣ ಕಂಡರೆ ಮುಟ್ಟದೆ ದೂರ ಸರಿದು, 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಬೇಕೆಂದು ಕೇಳಿ.

ಇನ್ನು ಸಿಕ್ಕಿದ್ದು ಯಾರದೆಂಬ ವಿಚಾರ. 1996ರ ಟ್ರೆಷರ್ ಆಕ್ಟ್ ಪ್ರಕಾರ ಮುನ್ನೂರು ವರ್ಷಕ್ಕಿಂತ ಹಳೆಯದಾದ, ತೂಕದಲ್ಲಿ ಶೇಕಡಾ 10ರಷ್ಟಾದರೂ ಚಿನ್ನವೋ ಬೆಳ್ಳಿಯೋ ಇರುವ ವಸ್ತು ನಿಧಿ ಎನಿಸಿಕೊಳ್ಳುತ್ತದೆ. ನಾಣ್ಯಗಳಾದರೆ ಅಷ್ಟೇ ಹಳೆಯ ಚಿನ್ನ ಬೆಳ್ಳಿಯವು ಒಂದೇ ಕಡೆ ಎರಡಾದರೂ ಸಿಕ್ಕಿರಬೇಕು; ಒಂಟಿ ನಾಣ್ಯ ನಿಧಿಯಲ್ಲ. 2023ರ ಜುಲೈನಿಂದ ಇನ್ನೊಂದು ವರ್ಗ ಸೇರಿದೆ: ಇನ್ನೂರು ವರ್ಷ ದಾಟಿದ, ಇತಿಹಾಸದ ದೃಷ್ಟಿಯಿಂದ ಅಸಾಧಾರಣ ಮಹತ್ವವಿರುವ ಲೋಹದ ವಸ್ತು. ನಿಧಿ ಎಂಬ ಸಂಶಯ ಬಂದ 14 ದಿನಗಳೊಳಗೆ ಆ ಪ್ರದೇಶದ ಕಾರೊನರ್ ಎಂಬ ನ್ಯಾಯಾಧಿಕಾರಿಗೆ ತಿಳಿಸಬೇಕು. ಪ್ರತಿ ಪ್ರಾಂತ್ಯಕ್ಕೂ ಇಂತಹ ವಸ್ತುಗಳನ್ನು ದಾಖಲಿಸುವ ಒಬ್ಬ ಅಧಿಕಾರಿ ಇರುತ್ತಾರೆ. ಮೊದಲು ಅವರಿಗೆ ತೋರಿಸಿದರೆ ದಾರಿ ಸುಲಭ. ಒಡೆದ ಹಡಗಿನ ಭಾಗವಾದರೆ ಕಾನೂನು ಬೇರೆ: ರಿಸೀವರ್ ಆಫ್ ರೆಕ್ ಎಂಬ ಅಧಿಕಾರಿಗೆ 28 ದಿನಗಳೊಳಗೆ ವರದಿ ಮಾಡಬೇಕು.

ನಿಮಗೆ ಇವೆಲ್ಲ ಬೇಕಾಗುವ ಸಂಭವ ಕಡಿಮೆ ಎಂಬುದನ್ನೂ ಹೇಳಿಬಿಡುತ್ತೇನೆ. ಬೋರ್ನ್‌ಮತ್ ದಂಡೆಯ ಮರಳನ್ನು ಅಲೆಗಳು ಸವೆಸುವುದರಿಂದ 1970ರ ದಶಕದಿಂದ ಹಲವು ಬಾರಿ ಹೊರಗಿನಿಂದ ಮರಳನ್ನು ತಂದು ಪಂಪ್ ಮಾಡಿ ತುಂಬಿದ್ದಾರೆ. ಹಳೆಯ ವಸ್ತುಗಳು ಬಹುಪಾಲು ಆ ಹೊಸ ಮರಳಿನ ಅಡಿಯಲ್ಲಿ, ನಿಮ್ಮ ಯಂತ್ರ ಕೇಳಿಸಿಕೊಳ್ಳಲಾರದ ಆಳದಲ್ಲಿವೆ. ಕೈಗೆ ಬರುವುದು ಕಳೆದ ಬೇಸಿಗೆಯಲ್ಲಿ ಬಿದ್ದ ಚಿಲ್ಲರೆ, ಕಿವಿಯೋಲೆ, ಕೀಲಿ, ಉಂಗುರ.

ಉಂಗುರ ಸಿಕ್ಕರೆ ಅದಕ್ಕೊಬ್ಬ ಯಜಮಾನ ಇದ್ದೇ ಇರುತ್ತಾನೆ. ಹುಡುಕುವ ಪ್ರಯತ್ನ ಮಾಡದೆ ಇಟ್ಟುಕೊಂಡರೆ ಇಲ್ಲಿನ ಕಾನೂನಿನಲ್ಲಿ ಅದು ಕಳ್ಳತನವಾಗಬಹುದು. ಊರಿನ ಫೇಸ್‌ಬುಕ್ ಗುಂಪುಗಳಲ್ಲಿ ‘ಇಂತಹ ಕಡೆ ಒಂದು ಉಂಗುರ ಸಿಕ್ಕಿದೆ’ ಎಂದಷ್ಟೇ ಬರೆಯಿರಿ. ಚಿತ್ರವನ್ನಾಗಲಿ ಒಳಗೆ ಕೆತ್ತಿದ ಅಕ್ಷರವನ್ನಾಗಲಿ ಹಾಕಬೇಡಿ. ಗುರುತನ್ನು ಅವರ ಬಾಯಿಂದಲೇ ಹೇಳಿಸಬೇಕು. ಹೀಗೆ ನಾನು ಮೂರು ಮದುವೆಯ ಉಂಗುರಗಳನ್ನು ಹಿಂದಿರುಗಿಸಿದ್ದೇನೆ. ಒಬ್ಬಾಕೆ ಪ್ರತಿ ಕ್ರಿಸ್‌ಮಸ್‌ಗೆ ಈಗಲೂ ಕಾರ್ಡ್ ಕಳುಹಿಸುತ್ತಾರೆ.

---

ತಂತಿಸುರುಳಿ

ನಾನು ವೃತ್ತಿಯಿಂದ ಎಲೆಕ್ಟ್ರಾನಿಕ್ಸ್ ಎಂಜಿನಿಯರ್, ಹವ್ಯಾಸದಿಂದ ಮರಳು ಜಾಲಿಸುವವಳು. ನಮ್ಮಲ್ಲಿ ಅಕ್ಕಸಾಲಿಗರ ಬೀದಿಯ ಕಸ ತೊಳೆದು ಚಿನ್ನದ ಪುಡಿ ತೆಗೆಯುತ್ತಿದ್ದ ಜಲಗಾರರಿದ್ದರಲ್ಲ, ನಾವು ಬ್ಯಾಟರಿ ಹಾಕಿಕೊಂಡ ಜಲಗಾರರು ಅಷ್ಟೆ.

ಯಂತ್ರ ಏಕೆ ಕಿರುಚುತ್ತದೆ ಎಂಬುದು ತಿಳಿದರೆ ಅದನ್ನು ಸುಮ್ಮನಾಗಿಸುವುದು ಕಷ್ಟವಲ್ಲ. ಕೆಳಗಿನ ತಟ್ಟೆಯೊಳಗೆ ಎರಡು ತಂತಿಸುರುಳಿಗಳಿವೆ. ಒಂದು ಸುರುಳಿಯಲ್ಲಿ ಹರಿಯುವ ಪರ್ಯಾಯ ವಿದ್ಯುತ್ತು, ನಿಮ್ಮ ಯಂತ್ರದಲ್ಲಿ ಸೆಕೆಂಡಿಗೆ 6,500 ಬಾರಿ, ನೆಲದೊಳಗೆ ಏರಿಳಿಯುವ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಆ ಕ್ಷೇತ್ರ ತಾಕಿದ ಲೋಹದಲ್ಲಿ ಸಣ್ಣ ಸುಳಿವಿದ್ಯುತ್ತು ಹುಟ್ಟುತ್ತದೆ. ಅದು ಮರಳಿ ಕಳುಹಿಸುವ ಕ್ಷೇತ್ರವನ್ನು ಎರಡನೆಯ ಸುರುಳಿ ಹಿಡಿಯುತ್ತದೆ. ಮರಳಿ ಬಂದದ್ದು ಎಷ್ಟು ತಡವಾಗಿ ಬಂತೆಂಬುದನ್ನು ನೋಡಿ ಕಬ್ಬಿಣವೋ ಬೆಳ್ಳಿಯೋ ಎಂದು ಯಂತ್ರ ಅಂದಾಜು ಮಾಡುತ್ತದೆ. ಉಪ್ಪುನೀರು ಕೂಡ ವಿದ್ಯುದ್ವಾಹಕವೇ ಆದ್ದರಿಂದ ನೆನೆದ ಮರಳು ಇಡಿಯಾಗಿ ಒಂದು ತೆಳುವಾದ ಲೋಹದ ಹಾಳೆಯಂತೆ ಅದಕ್ಕೆ ಕೇಳಿಸುತ್ತದೆ. ಒಂದೇ ಆವರ್ತನದ ಯಂತ್ರಗಳ ಕೊರತೆ ಇದು. ಏಕಕಾಲಕ್ಕೆ ಹಲವು ಆವರ್ತನಗಳಲ್ಲಿ ದುಡಿಯುವ ಮೈನ್‌ಲ್ಯಾಬ್ ಈಕ್ವಿನಾಕ್ಸ್‌ನಂತಹವು ಉಪ್ಪಿನ ದನಿಯನ್ನು ಲೆಕ್ಕ ಹಾಕಿ ಕಳೆಯಬಲ್ಲವು. ವಿದ್ಯುತ್ತನ್ನು ಬಿಟ್ಟು ಬಿಟ್ಟು ಮಿಡಿಸುವ ಪಲ್ಸ್ ಇಂಡಕ್ಷನ್ ಯಂತ್ರಗಳಿಗೆ ಉಪ್ಪಿನ ತೊಂದರೆ ಬಹಳ ಕಡಿಮೆ, ಆದರೆ ಕಬ್ಬಿಣವೋ ಚಿನ್ನವೋ ಎಂಬ ವಿವೇಕವೂ ಅವಕ್ಕೆ ಇಲ್ಲದಷ್ಟೇ.

ಅದಕ್ಕಾಗಿ ಹೊಸ ಯಂತ್ರ ಕೊಳ್ಳಬೇಕಿಲ್ಲ. ಒಣ ಮರಳಿನಲ್ಲಿ ಏಸ್ 250 ಇಂದಿಗೂ ಒಳ್ಳೆಯ ಸಾಧನ. ಆರೆಂಟು ಅಂಗುಲದವರೆಗೆ ನಾಣ್ಯವನ್ನು ಸ್ಪಷ್ಟವಾಗಿ ಹೇಳುತ್ತದೆ. ಬೇಸಿಗೆಯಲ್ಲಿ ಜನ ಟವಲ್ ಹಾಸಿ ಮಲಗುವ ಸಾಲು, ಪಿಯರ್‌ನ (ಕಡಲೊಳಕ್ಕೆ ಚಾಚಿದ ಕಟ್ಟೆಯ) ಅಕ್ಕಪಕ್ಕ, ದಂಡೆಗೆ ಇಳಿಯುವ ಮೆಟ್ಟಿಲುಗಳ ಬುಡ, ಐಸ್‌ಕ್ರೀಂ ಗೂಡಂಗಡಿಯ ಮುಂದೆ: ಜೇಬು ಬರಿದಾಗುವುದು ಅಲ್ಲಿಯೇ. ಒದ್ದೆ ಮರಳಿಗೆ ಇಳಿದಾಗ ಸೂಕ್ಷ್ಮತೆಯನ್ನು ಅರ್ಧಕ್ಕೆ ತಗ್ಗಿಸಿ, ತಟ್ಟೆಯನ್ನು ನೆಲಕ್ಕೆ ಸಮಾನಾಂತರವಾಗಿ ನಿಧಾನವಾಗಿ ಆಡಿಸಿ. ಎರಡೂ ದಿಕ್ಕಿನಿಂದ ಬೀಸಿದಾಗ ಒಂದೇ ಜಾಗದಲ್ಲಿ ದನಿ ಬಂದರೆ ಅಗೆಯಿರಿ, ಒಂದು ದಿಕ್ಕಿನಲ್ಲಿ ಮಾತ್ರ ಬಂದರೆ ಬಿಡಿ. ತಟ್ಟೆ ಮಾತ್ರ ನೀರಿನಲ್ಲಿ ಮುಳುಗಬಹುದು. ಮೇಲಿನ ಡಬ್ಬಿಗೆ ಅಲೆ ತಾಗಿದರೆ ಯಂತ್ರದ ಕತೆ ಮುಗಿಯಿತು. ಅಪ್ಪಯ್ಯನವರಿಗೆ ಇದನ್ನು ಎರಡು ಸಲ ಹೇಳಿ.

ಅದರಲ್ಲಿ ‘ಕಾಯಿನ್ಸ್’ ಎಂಬ ಸ್ಥಿತಿ ಇದೆ, ಅದನ್ನು ಆರಿಸಬೇಡಿ. ಪಾನೀಯದ ಡಬ್ಬಿ ತೆರೆಯಲು ಎಳೆಯುವ ಅಲ್ಯೂಮಿನಿಯಂ ಚಿಮಟಿಗಳನ್ನು ಅದು ಕಡೆಗಣಿಸುತ್ತದೆ, ಮತ್ತು ಚಿನ್ನದ ಸಾಧಾರಣ ಉಂಗುರದ ದನಿ ಆ ಚಿಮಟಿಯ ದನಿಯ ನೆರೆಯಲ್ಲೇ ಇರುತ್ತದೆ. ಚಿಮಟಿ ಬೇಡವೆಂದವನಿಗೆ ಚಿನ್ನವೂ ಇಲ್ಲ. ‘ಜ್ಯುವೆಲ್ರಿ’ ಸ್ಥಿತಿಯಲ್ಲಿಟ್ಟು ಬಂದದ್ದನ್ನೆಲ್ಲ ಅಗೆಯಿರಿ. ಸರಗಳ ಆಸೆಯನ್ನು ಮಾತ್ರ ಬಿಡಿ: ಸರದ ಪ್ರತಿ ಕೊಂಡಿಯೂ ಯಂತ್ರಕ್ಕೆ ಬೇರೆ ಬೇರೆ ಸಣ್ಣ ಬಳೆಯಾಗಿ ಕಾಣುವುದರಿಂದ ತೆಳು ಸರ ಎದುರಿಗೇ ಇದ್ದರೂ ಹಲವು ಬಾರಿ ಕೇಳಿಸುವುದೇ ಇಲ್ಲ.

ಕಡಲಿನ ವೇಳಾಪಟ್ಟಿ ಎಲ್ಲಕ್ಕಿಂತ ಮುಖ್ಯ. ಇಳಿತದ ಹೊತ್ತಿಗೆ ಎರಡು ಗಂಟೆ ಮೊದಲೇ ತಲುಪಿ, ಹಿಂದೆ ಸರಿಯುವ ನೀರಿನ ಬೆನ್ನು ಹಿಡಿದು ಇಳಿಯಿರಿ. ಹುಣ್ಣಿಮೆ ಅಮಾವಾಸ್ಯೆ ಕಳೆದ ಒಂದೆರಡು ದಿನ ನೀರು ಹೆಚ್ಚು ದೂರ ಹೋಗುತ್ತದೆ ಎಂಬುದನ್ನು ಹೊನ್ನಾವರದವರಿಗೆ ನಾನು ಹೇಳಬೇಕಿಲ್ಲ. ಆದರೆ ಈ ಭಾಗದಲ್ಲಿ ಒಂದು ವಿಚಿತ್ರವಿದೆ: ಒಂದೇ ಉಬ್ಬರದಲ್ಲಿ ನೀರು ಎರಡು ಬಾರಿ ತುದಿ ಮುಟ್ಟುತ್ತದೆ, ಆದ್ದರಿಂದ ಮೇಲೆಯೇ ಹೆಚ್ಚು ಹೊತ್ತು ನಿಂತು, ಇಳಿತದಲ್ಲಿ ಬೇಗ ತಿರುಗಿಬಿಡುತ್ತದೆ. ಕೆಳಗಿನ ಮರಳು ತೆರೆದಿರುವ ಅವಧಿ ಚಿಕ್ಕದು. ಏರಿಳಿತವೂ ಹೆಚ್ಚೆಂದರೆ ಎರಡು ಮೀಟರಿನ ಆಸುಪಾಸು. ಮುಂದೆ ಎಂದಾದರೂ ವೆಸ್ಟನ್ ಕಡೆಗೆ ಹೋದರೆ ಈ ಅಭ್ಯಾಸವನ್ನು ನಂಬಬೇಡಿ. ಅದಿರುವ ಬ್ರಿಸ್ಟಲ್ ಚಾನೆಲ್ ಎಂಬ ಕಡಲ ತೋಳಿನ ಏರಿಳಿತ ಜಗತ್ತಿನ ಅತಿ ದೊಡ್ಡವುಗಳಲ್ಲಿ ಒಂದು, ಇಳಿತದಲ್ಲಿ ತೆರೆದುಕೊಳ್ಳುವುದು ಕಾಲು ಹೂಳುವ ಕೆಸರು.

---

ಕುಮಟಾ ವಕೀಲ

ಮೂರನೆಯ ಪ್ರಶ್ನೆಗೆ ನನ್ನ ಸ್ಪಷ್ಟ ಸಲಹೆ: ಯಂತ್ರ ರೀಡಿಂಗ್‌ನಲ್ಲೇ ಇರಲಿ.

ನಮ್ಮಲ್ಲಿ 1878ರ ಭಾರತೀಯ ನಿಧಿ ಕಾಯಿದೆ ‘ನಿಧಿ’ ಎಂಬುದಕ್ಕೆ ಕೊಟ್ಟ ಅರ್ಥ ಇಂಗ್ಲೆಂಡಿನದಕ್ಕಿಂತ ಬಹಳ ವಿಶಾಲ. ಮಣ್ಣಿನಲ್ಲಿ ಹುದುಗಿರುವ ಬೆಲೆಬಾಳುವ ಯಾವುದೇ ವಸ್ತುವೂ ಅದರೊಳಗೆ ಬರುತ್ತದೆ. ಬೆಲೆ ಹತ್ತು ರೂಪಾಯಿ ಮೀರಿದರೆ ಕಲೆಕ್ಟರ್‌ಗೆ ಲಿಖಿತವಾಗಿ ತಿಳಿಸಬೇಕು. ಆ ಹತ್ತು ರೂಪಾಯಿ ವಿಕ್ಟೋರಿಯಾ ರಾಣಿಯ ಕಾಲದ್ದೆಂಬುದನ್ನು ಗಮನಿಸಿ. ಕರ್ನಾಟಕಕ್ಕೆ 1962ರ ಪ್ರತ್ಯೇಕ ನಿಧಿ ಕಾಯಿದೆಯೂ ಇದೆ. ನೂರು ವರ್ಷ ದಾಟಿದ ನಾಣ್ಯ, ವಿಗ್ರಹ ಮುಂತಾದವುಗಳಿಗೆ 1972ರ ಪುರಾತನ ವಸ್ತುಗಳ ಕಾಯಿದೆ ಬೇರೆ ಅನ್ವಯಿಸುತ್ತದೆ.

ಕಾನೂನಿಗಿಂತ ಹೆಚ್ಚಿನ ತೊಡಕು ಜನರ ಕಣ್ಣು. ನಿಧಿಯಾಸೆಗೆ ಗುಡಿಗಳ ಗರ್ಭಗೃಹ ಅಗೆದವರ, ವಿಗ್ರಹ ಒಡೆದವರ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಅಂತಹ ಊರುಗಳಲ್ಲಿ ಕೋಲಿನ ತುದಿಗೆ ತಟ್ಟೆ ಕಟ್ಟಿಕೊಂಡು ಓಡಾಡುವ ಹಿರಿಯರನ್ನು ‘ಹವ್ಯಾಸ’ ಎಂಬ ಮಾತಿನಿಂದ ಪೊಲೀಸರ ಮುಂದೆ ಬಿಡಿಸಿಕೊಳ್ಳುವುದು ಸುಲಭವಲ್ಲ. ನದಿಯ ಘಟ್ಟಗಳಲ್ಲಿ ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ಭಕ್ತರು ಎಸೆದ ಚಿಲ್ಲರೆ ಎತ್ತುವ ಹುಡುಗರನ್ನು ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

---

ಬೋಸ್ಕಂಬ್ ದಂಡೆಯವ

ತಂತಿಸುರುಳಿ ಅವರ ಒಂದು ಮಾತಿಗೆ ಮಾತ್ರ ನನ್ನ ಭಿನ್ನಾಭಿಪ್ರಾಯವಿದೆ. ‘ಬಂದದ್ದನ್ನೆಲ್ಲ ಅಗೆಯಿರಿ’ ಎಂಬುದು ನಲವತ್ತರ ಬೆನ್ನಿಗೆ ಸರಿ, ಎಪ್ಪತ್ತೈದರ ಬೆನ್ನಿಗಲ್ಲ. ಉದ್ದ ಹಿಡಿಯ, ತೂತುಗಳಿರುವ ಮರಳು ಸೌಟನ್ನು ಒಯ್ಯಿರಿ. ನಿಂತೇ ಎತ್ತಬಹುದು, ಮರಳು ತಾನೇ ಸೋರುತ್ತದೆ. ತೆಗೆದ ಕುಳಿಯನ್ನು ತಪ್ಪದೆ ಮುಚ್ಚಿ, ಕಸವನ್ನು ಚೀಲಕ್ಕೆ ಹಾಕಿ. ನಾವು ತೆಗೆದ ಕುಳಿಯಲ್ಲಿ ಮಗುವಿನ ಕಾಲು ಉಳುಕಿದ ಮರುದಿನವೇ ದಂಡೆಯಲ್ಲಿ ನಿಷೇಧದ ಫಲಕ ಏಳುತ್ತದೆ.

---

ರೀಡಿಂಗ್‌ನ ಹೊಸಬ

ಎಲ್ಲರಿಗೂ ಕೃತಜ್ಞತೆಗಳು. ಮೊನ್ನೆ ಶನಿವಾರ ಹೋಗಿ ಬಂದೆವು. ಕೌನ್ಸಿಲಿಗೆ ಮೊದಲೇ ಬರೆದು ಉತ್ತರ ತರಿಸಿಕೊಂಡಿದ್ದೆ. ಅದನ್ನು ಯಾರೂ ಕೇಳಲಿಲ್ಲ.

ಬೆಳಿಗ್ಗೆ ಎಂಟಕ್ಕೆ ದಂಡೆ ತಲುಪಿದಾಗ ಗಾಳಿ ಜೋರಾಗಿತ್ತು. ನಾಯಿಗಳನ್ನು ಓಡಿಸುವ ಕೆಲವರನ್ನು ಬಿಟ್ಟರೆ ಮತ್ತಾರೂ ಇರಲಿಲ್ಲ. ಅಪ್ಪಯ್ಯ ಮಂಕಿ ಟೋಪಿಯ ಮೇಲೆ ಹೆಡ್‌ಫೋನ್ ಏರಿಸಿಕೊಂಡು, ಅದರ ಮೇಲೆ ಮಫ್ಲರ್ ಸುತ್ತಿಕೊಂಡು ನಡೆಯತೊಡಗಿದರು. ಮೊದಲ ಅರ್ಧ ಗಂಟೆ ಬಾಟಲಿಯ ಮುಚ್ಚಳಗಳು. ಅನಂತರ ಅವರೇ ಒಂದು ಕ್ರಮ ಕಂಡುಕೊಂಡರು: ಗದ್ದೆ ಉಳುವವರ ಹಾಗೆ ಒಂದು ಸಾಲು ಹೋಗಿ, ತಿರುಗಿ, ಅದಕ್ಕೆ ತಾಗಿ ಇನ್ನೊಂದು ಸಾಲು. ನಾನು ಸೌಟು ಹಿಡಿದು ಹಿಂದೆ. ಕಂಚಿನ ಗಂಟೆಯಂತಹ ದನಿ ಬಂದಾಗ ಅವರು ಮಾತನಾಡುತ್ತಿರಲಿಲ್ಲ. ಕಾಲಿನ ಹೆಬ್ಬೆರಳಿನಿಂದ ಜಾಗ ತೋರಿಸಿ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಒಂದು ಪೌಂಡಿನ ನಾಣ್ಯ ಎರಡು, ಐವತ್ತು ಪೆನ್ಸಿನದು ಒಂದು, ಇಪ್ಪತ್ತರವು ನಾಲ್ಕು, ಹತ್ತರವು ಐದು, ತುಕ್ಕು ಹತ್ತಿದ ಎರಡು ಪೆನ್ಸಿನವು ಒಂಬತ್ತು, ಒಟ್ಟು 3 ಪೌಂಡ್ 98 ಪೆನ್ಸ್. ಗಾಡಿ ನಿಲ್ಲಿಸಿದ ಶುಲ್ಕದ ಅರ್ಧವೂ ಆಗಲಿಲ್ಲ. ಇವಲ್ಲದೆ ಚಕ್ರವಿಲ್ಲದ ಒಂದು ಆಟಿಕೆ ಕಾರು ಮತ್ತು ಒಂದು ಡೇರೆಯ ಗೂಟ. ಎರಡು ಪೆನ್ಸಿನವು ಏಕೆ ತುಕ್ಕು ಹಿಡಿಯುತ್ತವೆ ಎಂದು ಅಪ್ಪಯ್ಯ ಕೇಳಿದರು. 1992ರಿಂದ ಅವು ತಾಮ್ರ ಲೇಪಿಸಿದ ಉಕ್ಕಿನವೆಂದು ತಿಳಿದಾಗ, ಇಂಗ್ಲಿಷರ ಬಗ್ಗೆ ಅವರಿಗಿದ್ದ ಗೌರವ ಸ್ವಲ್ಪ ಇಳಿದಂತೆ ಕಂಡಿತು.

ಚಪಾತಿ ಮತ್ತು ಮಾವಿನಮಿಡಿ ಉಪ್ಪಿನಕಾಯಿಯ ಊಟ ಮುಗಿಸಿ ಮರದ ತಡೆಗೋಡೆಯೊಂದರ ಬದಿಗೆ ಬಂದೆವು. ಅಲೆಗಳು ಅಲ್ಲಿ ಮರಳನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದಂತೆ ಕೊರೆದಿದ್ದವು. ಆ ಕೊರೆತದ ಬುಡದಲ್ಲಿ ಸ್ಪಷ್ಟವಾದ ದನಿ ಬಂತು. ಸೌಟಿನಲ್ಲಿ ಉಳಿದದ್ದು ನಮ್ಮ ಹಳೆಯ ಹತ್ತು ಪೈಸೆಗಿಂತ ಚಿಕ್ಕದಾದ, ಇದ್ದಲಿನಷ್ಟು ಕಪ್ಪಾದ ಒಂದು ಬಿಲ್ಲೆ. ಉಜ್ಜದೆ ಕುಡಿಯುವ ನೀರಿನಲ್ಲಿ ಅದ್ದಿದೆವು. ಕಿರೀಟ, ಅದರ ಕೆಳಗೆ ಹೆಣೆದುಕೊಂಡ ಅಕ್ಷರಗಳು, 1943 ಎಂಬ ಇಸವಿ. ಆರನೆಯ ಜಾರ್ಜ್ ದೊರೆಯ ಆರು ಪೆನ್ಸ್. ಅಂಚಿನಲ್ಲಿ ‘ಇಂಡ್ ಇಂಪ್’ ಎಂದಿತ್ತು. ಭಾರತದ ಚಕ್ರವರ್ತಿ ಎಂಬುದರ ಸಂಕ್ಷಿಪ್ತ ರೂಪ ಅದು. 1949ರಿಂದ ಅಚ್ಚಾದ ನಾಣ್ಯಗಳಲ್ಲಿ ಆ ಪದಗಳು ಇಲ್ಲ.

ಅಪ್ಪಯ್ಯ ನಾಣ್ಯ ತಿರುಗಿಸಿ ಮುಖ ನೋಡಿದವರೇ ‘ಈ ಮನುಷ್ಯನನ್ನು ನಾನು ಬಲ್ಲೆ’ ಎಂದರು. ಅವರ ಬಾಲ್ಯದಲ್ಲಿ ಇದೇ ದೊರೆಯ ಆಣೆಗಳೂ ರೂಪಾಯಿಗಳೂ ಇನ್ನೂ ಚಲಾವಣೆಯಲ್ಲಿದ್ದವಂತೆ. 1957ರ ಏಪ್ರಿಲಿನಲ್ಲಿ ನಯಾ ಪೈಸೆ ಬಂದಾಗ ಅವರು ಎರಡನೆಯ ಇಯತ್ತೆ. ನಾಲ್ಕಾಣೆಗೆ ಇಪ್ಪತ್ತೈದು ಎಂಬುದೇನೋ ಸರಿ, ಒಂದಾಣೆಗೆ ಆರು ಕೊಡಬೇಕೋ ಏಳೋ ಎಂದು ಶೆಟ್ಟರ ಅಂಗಡಿಯಲ್ಲಿ ದಿನವೂ ಜಗಳವಾಗುತ್ತಿತ್ತಂತೆ. ಇದನ್ನು ನಾನು ಈ ಮೊದಲು ಕೇಳಿರಲೇ ಇಲ್ಲ.

ಅಷ್ಟರಲ್ಲಿ ನಾಯಿಯೊಂದಿಗೆ ಬಂದ ಒಬ್ಬ ವೃದ್ಧೆ ಏನು ಸಿಕ್ಕಿತೆಂದು ವಿಚಾರಿಸಿದರು. ಆರು ಪೆನ್ಸ್ ನೋಡಿ, ಅವರ ಅಜ್ಜಿ ಕ್ರಿಸ್‌ಮಸ್ ಪುಡಿಂಗ್ ಒಳಗೆ ಇಂತಹುದೇ ಒಂದನ್ನು ಹಾಕಿ ಬೇಯಿಸುತ್ತಿದ್ದರೆಂದೂ, ಯಾರ ಪಾಲಿಗೆ ಬಂದರೆ ಅವರಿಗೆ ಅದೃಷ್ಟವೆಂದೂ ಹೇಳಿದರು. ಇಲ್ಲಿ ದಶಮಾಂಶ ಪದ್ಧತಿ ಬಂದದ್ದು 1971ರ ಫೆಬ್ರುವರಿ 15ರಂದು. ಆಗ ಆರು ಪೆನ್ಸಿಗೆ ಎರಡೂವರೆ ಹೊಸ ಪೆನ್ಸ್ ಎಂಬ ಲೆಕ್ಕ ಅಂಗಡಿಯವರನ್ನು ಎಷ್ಟು ಕಾಡಿತೆಂದು ಆಕೆ ಹೇಳುತ್ತಿದ್ದರೆ, ಶೆಟ್ಟರ ಅಂಗಡಿಯ ಕತೆಯನ್ನು ಅಪ್ಪಯ್ಯ ಕನ್ನಡದಲ್ಲೇ ಹೇಳತೊಡಗಿದರು. ಮೊದಲು ನಾನು ಅನುವಾದ ಮಾಡುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ನನಗೆ ಕಾಯುವುದನ್ನು ಬಿಟ್ಟು ಬೆರಳೆಣಿಸಿಕೊಂಡೇ ಮಾತು ಮುಂದುವರಿಸಿದರು, ನೀರು ತಿರುಗಿದ್ದನ್ನು ಯಾರೂ ಗಮನಿಸಲಿಲ್ಲ. ಯಂತ್ರ ನನ್ನ ಕೈಯಲ್ಲಿದ್ದದ್ದರಿಂದ ಉಳಿಯಿತು. ಅಪ್ಪಯ್ಯನ ಬೂಟುಗಳು ಉಳಿಯಲಿಲ್ಲ.

ಈಗ ಒಂದೇ ಪ್ರಶ್ನೆ. ಈ ಕಪ್ಪನ್ನು ತೆಗೆಯುವುದು ಹೇಗೆ? ಅಪ್ಪಯ್ಯ ಹುಣಿಸೆಹಣ್ಣು ಕೇಳುತ್ತಿದ್ದಾರೆ.

---

ತಂತಿಸುರುಳಿ

ಹುಣಿಸೆಹಣ್ಣನ್ನು ಕೂಡಲೇ ಬಚ್ಚಿಡಿ. 1920ರಿಂದ 1946ರವರೆಗಿನ ಇಲ್ಲಿನ ಬೆಳ್ಳಿ ನಾಣ್ಯಗಳಲ್ಲಿ ಬೆಳ್ಳಿ ಅರ್ಧದಷ್ಟೇ, ಉಳಿದದ್ದರಲ್ಲಿ ಹೆಚ್ಚಿನದು ತಾಮ್ರ. ಹುಳಿ ಆ ತಾಮ್ರವನ್ನು ತಿಂದು ಮೇಲ್ಮೈಯನ್ನು ಗುಳಿಬೀಳಿಸುತ್ತದೆ. ಟೂತ್‌ಪೇಸ್ಟ್, ಬೂದಿ, ಪಾತ್ರೆ ತಿಕ್ಕುವ ನಾರು ಕೂಡ ಬೇಡ. ಬಟ್ಟಿ ಇಳಿಸಿದ ನೀರಿನಲ್ಲಿ ಒಂದು ವಾರ ನೆನೆಸಿಟ್ಟು, ನೀರನ್ನು ದಿನವೂ ಬದಲಿಸಿದರೆ ಒಳಗೆ ಸೇರಿದ ಉಪ್ಪು ಬಿಡುತ್ತದೆ. ಅನಂತರ ಮೆದು ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಕಾಗದದ ಲಕೋಟೆಯಲ್ಲಿಟ್ಟು, ದಿನಾಂಕವನ್ನೂ ಸಿಕ್ಕಿದ ಜಾಗವನ್ನೂ ಅದರ ಮೇಲೆ ಬರೆಯಿರಿ. ಒಂಟಿ ನಾಣ್ಯ, ನೂರು ವರ್ಷವೂ ಆಗಿಲ್ಲ. ನಿಧಿಯ ಗೊಡವೆ ಇಲ್ಲ. ಬೂಟುಗಳ ಒಳಗೆ ಹಳೆಯ ಪತ್ರಿಕೆ ತುರುಕಿಡಿ, ರೇಡಿಯೇಟರ್ ಮೇಲೆ ಮಾತ್ರ ಇಡಬೇಡಿ.